ರೂಲ್ಸಣ್ಣ

ಮಾನಸಗಂಗೋತ್ರಿಯಿರಲಿ, ಜ್ಞಾನಭಾರತಿಯಿರಲಿ, ಜ್ಞಾನಸಹ್ಯಾದ್ರಿಯಿರಲಿ, ಸ್ನಾತಕೋತ್ತರ ಹಾಸ್ಟೆಲ್ ಇದ್ದಲ್ಲಿ ರೂಲ್ಸಣ್ಣ ಇದ್ದೇ ಇರುತ್ತಾನೆ. ವಾರ್ಡನ್ ಬದಲಾಗುತ್ತಾರೆ, ಕುಲಪತಿಗಳು ಬದಲಾಗುತ್ತಾರೆ, ಮೆಸ್ಸಿನ ಸಾಂಬಾರು ಕೂಡ ಒಮ್ಮೊಮ್ಮೆ ಬದಲಾಗುವುದುಂಟು. ಅವನ ರೂಮ್ ನಂಬರ್ ಮಾತ್ರ ಬದಲಾಗದು. ದಾಖಲೆಯಲ್ಲಿ ಅವನು ಪಿಎಚ್‌.ಡಿ. ಸಂಶೋಧಕ; ಅಭ್ಯಾಸದಲ್ಲಿ ನಿಯಮಾವಳಿಯ ಭಾಷ್ಯಕಾರ.

ಕ್ಯಾಂಟೀನಿನ ಮೂಲೆ ಟೇಬಲ್ಲೇ ಅವನ ಕಚೇರಿ.

“ಅಣ್ಣಾ, ಅಟೆಂಡೆನ್ಸ್ 72 ಪರ್ಸೆಂಟ್ ಇದೆ. ಹಾಲ್ ಟಿಕೆಟ್ ಕೊಡಲ್ಲ ಅಂತಿದಾರೆ.”

“75 ಬೇಕು ಕಣೋ. ಎನ್‌ಎಸ್‌ಎಸ್ ಕ್ಯಾಂಪಿಗೆ ಹೋಗಿದ್ಯಲ್ಲ, ಆ ಸರ್ಟಿಫಿಕೇಟ್ ಲಗತ್ತಿಸು. ಅರ್ಜಿ ವಿಭಾಗದ ಮುಖ್ಯಸ್ಥರ ಮೂಲಕವೇ ಹೋಗಬೇಕು. ಮೊದಲು ಎರಡು ಟೀ ಹೇಳು.”

ಹೊಸ ಸಂಶೋಧಕರು ಸಿಕ್ಕರೆ ಗೋತ್ರ ವಿಚಾರಿಸುವಂತೆ ಕೇಳುತ್ತಾನೆ: “ನೀನು 2016ರವನೋ, 2022ರವನೋ?” ಯುಜಿಸಿಯ ಈ ಎರಡು ನಿಯಮಾವಳಿಗಳಲ್ಲಿ ಯಾವುದರಡಿ ನೋಂದಣಿಯಾಗಿದೆ ಎಂಬುದು ಪ್ರಶ್ನೆ. 2016ರವರು ಪ್ರಬಂಧ ಸಲ್ಲಿಸುವ ಮೊದಲು ಒಂದು ಸಂಶೋಧನಾ ಲೇಖನ ಪ್ರಕಟಿಸಿರಬೇಕು, ಎರಡು ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಿರಬೇಕು. 2022ರ ನಿಯಮ ಆ ಕಡ್ಡಾಯವನ್ನು ಕೈಬಿಟ್ಟಿತು. ಆರು ವರ್ಷ ಮುಗಿದ ಮೇಲೆ ಮರುನೋಂದಣಿಯಿಂದ ಇನ್ನೆರಡು ವರ್ಷವನ್ನೂ ಕೊಟ್ಟಿತು. ರೂಲ್ಸಣ್ಣ ನೋಂದಾಯಿಸಿಕೊಂಡದ್ದು ಹಳೆಯದರಡಿ. ಆಚಾರ 2016ರದ್ದು, ಆಸೆ 2022ರದ್ದು.

ಅವನ ಪಾಂಡಿತ್ಯ ಪೊಳ್ಳಲ್ಲ. ಮದುವೆಯಾಗಿ ಬೇರೆ ಊರಿಗೆ ಹೊರಟ ಸಂಶೋಧಕಿಯೊಬ್ಬಳು ರಿಜಿಸ್ಟ್ರೇಷನ್ ಬಿಟ್ಟುಬಿಡುವ ಯೋಚನೆಯಲ್ಲಿದ್ದಳು. ಸಂಶೋಧನೆಯ ದತ್ತಾಂಶವನ್ನು ಗಂಡನ ಊರಿನ ವಿಶ್ವವಿದ್ಯಾಲಯಕ್ಕೆ ಒಯ್ಯಲು ಅವಕಾಶವಿದೆ ಎಂದು ನಿಯಮ ತೋರಿಸಿದವನು ಇವನೇ. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚು ಅವಧಿಯೂ ಉಂಟು, ಹೆರಿಗೆ ಮತ್ತು ಶಿಶುಪಾಲನೆಗೆ 240 ದಿನಗಳವರೆಗೆ ರಜೆಯೂ ಉಂಟು ಎಂದು ಬಾಯಿಪಾಠ ಒಪ್ಪಿಸಿದ. ಆಮೇಲೆ “ನಮಗೇನೂ ಇಲ್ಲ ನೋಡು” ಎಂದು ನಿಟ್ಟುಸಿರಿಟ್ಟ.

ಕೃತಿಚೌರ್ಯದ 2018ರ ನಿಯಮವೂ ಅವನ ನಾಲಗೆಯ ಮೇಲಿದೆ. ಹೋಲಿಕೆ ಶೇ. 10ರವರೆಗಿದ್ದರೆ ದಂಡವಿಲ್ಲ, 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. “ನನ್ನದು ಸೊನ್ನೆ ಪರ್ಸೆಂಟ್” ಎನ್ನುತ್ತಾನೆ. ನಿಜವೇ. ಒಂದು ಸಾಲೂ ಬರೆಯದವನ ಪ್ರಬಂಧ ಯಾರದ್ದನ್ನು ಹೋಲಬೇಕು?

ಆರು ತಿಂಗಳಿಗೊಮ್ಮೆ ಪ್ರಗತಿ ವರದಿಯ ದಿನ ಬಂತೆಂದರೆ ಅವನ ಊರಿನಲ್ಲಿ ಯಾರೋ ದೂರದ ಸಂಬಂಧಿ ತೀರಿಕೊಳ್ಳುತ್ತಾರೆ. ಗೈಡ್ ಎದುರಿಗೆ ಬಂದರೆ ಗ್ರಂಥಾಲಯ ಹೊಕ್ಕುತ್ತಾನೆ. ಅವನು ಗ್ರಂಥಾಲಯ ಹೊಕ್ಕುವುದೂ ಆಗಷ್ಟೇ.

“ಯಾವಾಗಪ್ಪ ಮುಗಿಯುತ್ತೆ ನಿನ್ನ ಓದು?” ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದರೆ, “ನಿಯಮದ ಪ್ರಕಾರ ಇನ್ನೂ ಟೈಮಿದೆ ಕಣಮ್ಮ” ಎಂಬುದೇ ಉತ್ತರ. ಹೆಣ್ಣಿನ ಕಡೆಯವರು “ಹುಡುಗ ಡಾಕ್ಟರಂತಲ್ಲ?” ಎಂದು ಬಂದರೆ ಆ ಬಡಪಾಯಿ ತಾಯಿ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗುತ್ತಾಳೆ.

ನಗು ಇಷ್ಟಕ್ಕೇ ನಿಲ್ಲುವುದಾದರೆ ಚೆನ್ನಿತ್ತು. ಒಬ್ಬ ಪ್ರೊಫೆಸರ್ ಏಕಕಾಲಕ್ಕೆ ಎಂಟು ಸಂಶೋಧಕರಿಗಷ್ಟೇ ಮಾರ್ಗದರ್ಶನ ಮಾಡಬಹುದು ಎಂಬ ನಿಯಮವೂ ಅದೇ ಪುಸ್ತಕದಲ್ಲಿದೆ. ಆ ಎಂಟರಲ್ಲಿ ಒಂದು ಜಾಗ ರೂಲ್ಸಣ್ಣನದು. ಪ್ರವೇಶ ಪರೀಕ್ಷೆ ಪಾಸಾಗಿಯೂ ಗೈಡ್ ಸಿಗದೆ ಹೊರಗೆ ಕಾಯುತ್ತಿರುವವರಿಗೆ ಇದು ಹಾಸ್ಯವಲ್ಲ. ಅವನು ಬಾಯಿಪಾಠ ಒಪ್ಪಿಸದ ನಿಯಮ ಇದೊಂದೇ.

ಶೋಧಗಂಗಾ ಜಾಲತಾಣದಲ್ಲಿ ಹುಡುಕಿದರೆ ಅವನ ಹೆಸರು ಸಿಗುತ್ತದೆ, ಬೇರೆಯವರ ಪ್ರಬಂಧಗಳ ಕೃತಜ್ಞತೆಯ ಪುಟದಲ್ಲಿ. ನೀವು ಈ ವರ್ಷ ಸೇರಿದವರಾದರೆ ಅವನಿಗೊಂದು ಟೀ ಕೊಡಿಸಿ, ನಿಯಮ ಕೇಳಿ ತಿಳಿದುಕೊಳ್ಳಿ. ಎರಡನೇ ಟೀ ಬರುವ ಮೊದಲೇ ಎದ್ದುಹೋಗಿ ಒಂದು ಪುಟ ಬರೆಯಿರಿ.