ನೆಗಡಿಯೇ ವಾಸಿ

ಹೂಲಿಯ ಪಂಚಲಿಂಗೇಶ್ವರ ಗುಡಿಯ ಕಟ್ಟೆಯಲ್ಲಿ ನೆಗಡಿಯನ್ನೂ ಶಾಸಕರನ್ನೂ ಚುನಾವಣೆಗೆ ನಿಲ್ಲಿಸಿದರೆ ನೆಗಡಿಗೇ ಬಹುಮತ. ಅದು ವಾರದಲ್ಲಿ ಹೋಗುತ್ತದೆ, ಇವರಿಗೆ ಐದು ವರ್ಷ ಬೇಕು. ನೆಗಡಿ ಮೂಗು ತೊರೆದು ರೆಸಾರ್ಟಿಗೆ ಓಡುವುದೂ ಇಲ್ಲ. ಆದರೆ ನಮ್ಮ ಬೈಗುಳವನ್ನು ನಂಬುವುದು ಹೇಗೆ? 2019ರ ಜುಲೈನಲ್ಲಿ ಪಕ್ಷ ತೊರೆದು ಅನರ್ಹರಾದ 17 ಶಾಸಕರಲ್ಲಿ ಮೂವರು ನಮ್ಮ ಬೆಳಗಾವಿ ಜಿಲ್ಲೆಯವರು: ಗೋಕಾಕ, ಅಥಣಿ, ಕಾಗವಾಡ ಕ್ಷೇತ್ರದವರು. ಡಿಸೆಂಬರಿನ ಉಪಚುನಾವಣೆಯಲ್ಲಿ ಮೂವರೂ ಬೇರೆ ಪಕ್ಷದಿಂದ ಗೆದ್ದುಬಂದರು. ಎದುರಿಗೆ ನಿಂತವರೂ ಅಷ್ಟಕ್ಕಷ್ಟೇ ಎನ್ನಬಹುದು. ಹಾಗಾದರೆ ನೋಟಾ ಗುಂಡಿ ಇತ್ತಲ್ಲ? ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು; ಒಂದನ್ನು ಗುರುತಿಸಿದ ದೇಹ ಇನ್ನೊಂದಕ್ಕೆ ಸೋಲುತ್ತದೆ. ನಾವೋ, ಅದೇ ಮುಖ ಶಾಲು ಬದಲಿಸಿ ಬಂದರೂ ಸೋಲುತ್ತೇವೆ. ನೆಗಡಿ ಕೇಳದೆ ಬರುತ್ತದೆ, ಶಾಸಕರನ್ನು ಕರೆತಂದವರು ನಾವೇ. ಕಟ್ಟೆಯ ಸಿಟ್ಟನ್ನು ದಯವಿಟ್ಟು ಮತಗಟ್ಟೆಯವರೆಗೂ ಒಯ್ಯಿರಿ.