ಬಜ್ಪೆಯಲ್ಲಿ ಎಂಟು ಗಂಟೆ ಸಿಕ್ಕಿದ ಅಳಿಯ ಮಹಾಶಯರಿಗೆ

ಮಾನ್ಯ ಪ್ರಯಾಣಿಕರೇ,

ಬೆಳಗ್ಗೆ ದುಬೈಯಿಂದ ಬಂದು ಮಂಗಳೂರಿನಲ್ಲಿ ಇಳಿದು, ಸಂಜೆಯ ವಿಮಾನದಲ್ಲಿ ಬೆಂಗಳೂರಿಗೆ ಹೋಗುವವರು ತಾವು. ನೇರ ಬೆಂಗಳೂರಿಗೆ ಹಾರುವುದಕ್ಕಿಂತ ಹೀಗೆ ಎರಡು ತುಂಡು ಮಾಡಿದರೆ ಟಿಕೆಟು ಅಗ್ಗ ಎಂದು ಮೊಬೈಲು ಹೇಳಿತು, ತಾವು ಒಪ್ಪಿದಿರಿ. ಉಳಿದ ದುಡ್ಡಿನ ಜೊತೆಗೆ ಎಂಟು ಗಂಟೆಯೂ ಕೈಗೆ ಬಂತು. ಆ ಎಂಟು ಗಂಟೆಯನ್ನು ಏನು ಮಾಡುವುದೆಂದು ತಾವು ನಡೆಸಿರುವ ಸಂಶೋಧನೆ, ವಾಟ್ಸ್‌ಆ್ಯಪಿನಲ್ಲಿ ಕೇಳಿದ ಅಭಿಪ್ರಾಯಗಳು, ಕೊನೆಗೆ ನಿಮಿಷ ಸಮೇತ ತಯಾರಿಸಿದ ಹದಿನಾಲ್ಕು ಸ್ಥಳಗಳ ಪಟ್ಟಿ, ಎಲ್ಲವನ್ನೂ ನೋಡಿದ್ದೇನೆ. ಯಾಕೆಂದರೆ ಪಟ್ಟಿಯ ಕಡೇ ಸಾಲಿನಲ್ಲಿ ‘ಕಾರು: ಮಾವ’ ಎಂದು ಬರೆದಿದ್ದೀರಲ್ಲ, ಆ ಮಾವ ನಾನೇ.

ಸ್ವಂತ ಅಳಿಯನನ್ನು ‘ತಾವು’ ಎನ್ನುತ್ತಿರುವುದು ಪತ್ರ ಬಹಿರಂಗವಾದ್ದರಿಂದ. ಬಹಿರಂಗ ಯಾಕೆಂದರೆ ನಿಮ್ಮಂಥ ಅಳಿಯ ಈ ಊರಿನಲ್ಲಿ ಮನೆಗೊಬ್ಬರಂತೆ ಇದ್ದಾರೆ. ಎಲ್ಲರಿಗೂ ಬೇರೆ ಬೇರೆ ಫೋನು ಮಾಡಲು ಆಗುವುದಿಲ್ಲ. ಅಲ್ಲದೆ 1843ರಲ್ಲಿ ‘ಮಂಗಳೂರು ಸಮಾಚಾರ’ ಎಂಬ ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಇಲ್ಲಿಂದ. ಅಂಥ ಊರಲ್ಲಿ ಕೂತು ಇಷ್ಟು ದೊಡ್ಡ ವಿಷಯವನ್ನು ವಾಯ್ಸ್ ಮೆಸೇಜಿನಲ್ಲಿ ಮುಗಿಸುವುದು ಸರಿಯಲ್ಲ.

ಮೊದಲು ಲೆಕ್ಕ. ಟಿಕೆಟಿನಲ್ಲಿ ಎಂಟು ಗಂಟೆ ಅಂತ ಉಂಟು, ಒಪ್ಪಿದೆ. ವಿಮಾನ ನಿಂತು, ಇಮಿಗ್ರೇಷನ್ ಸಾಲಿನಲ್ಲಿ ನಿಂತು, ಲಗೇಜು ಬರುವ ಬೆಲ್ಟಿನ ಬುಡದಲ್ಲಿ ನಿಂತು, ಕಸ್ಟಮ್ಸ್ ದಾಟಿ ಹೊರಗೆ ಬರುವಾಗ ಒಂದು ಗಂಟೆ ಹೋಯಿತು. ನಿಲ್ದಾಣ ಇರುವ ಕೆಂಜಾರಿನಿಂದ ಮರವೂರು, ಕಾವೂರು, ಬೋಂದೆಲ್, ಯೆಯ್ಯಾಡಿ ಅಂತ ಪೇಟೆಗೆ ಬರಲು ಮುಕ್ಕಾಲು ಗಂಟೆ. ಕೆಪಿಟಿ ಸರ್ಕಲಿನ ಮನಸ್ಸು ಸರಿ ಇಲ್ಲದ ದಿನ ಅದೂ ಸಾಲದು. ತಿರುಗಿ ಹೋಗುವಾಗ ಮತ್ತೆ ಅಷ್ಟೇ. ಎರಡು ಗಂಟೆ ಮುಂಚಿತವಾಗಿ ನಿಲ್ದಾಣದಲ್ಲಿರಬೇಕು, ಅದು ನಿಯಮ. ನಿಮ್ಮ ತಾಯಿಯ ಸಮಾಧಾನಕ್ಕೆ ಇನ್ನರ್ಧ ಗಂಟೆ ಸೇರಿಸಿ. ಈಗ ಉಳಿದದ್ದು ಮೂರು ಗಂಟೆ. ಮೂರು ಗಂಟೆಗೆ ಹದಿನಾಲ್ಕು ಸ್ಥಳ. ಇದರಲ್ಲಿ ನಿಮ್ಮ ಪಟ್ಟಿ ‘ಊಟ’ ಎಂಬ ಬಾಬತ್ತನ್ನು ಹದಿನೈದು ನಿಮಿಷಕ್ಕೆ ಇಳಿಸಿದೆ. ಇದನ್ನು ನಿಮ್ಮ ಅತ್ತೆಗೆ ನಾನಿನ್ನೂ ತೋರಿಸಿಲ್ಲ.

ರಸ್ತೆಯ ಬಗ್ಗೆ ತಮಗೆ ಸಂಶಯ ಇದ್ದರೆ ಇದನ್ನೂ ತಿಳಿದಿರಿ. ನಿಲ್ದಾಣಕ್ಕೂ ಪೇಟೆಗೂ ನಡುವೆ ಫಲ್ಗುಣಿ ಹೊಳೆ. ಗುರುಪುರ ಹೊಳೆ ಎನ್ನುವವರೂ ಇದ್ದಾರೆ. ಅದರ ಮೇಲೆ ಮರವೂರು ಸೇತುವೆ. 2021ರ ಜೂನ್ 15ರ ಬೆಳಗಿನ ಜಾವ ಆ ಸೇತುವೆ ಕುಸಿದು ಕೂತಿತು. ಆಮೇಲೆ ತಿಂಗಳಿಗೂ ಹೆಚ್ಚು ಕಾಲ ವಿಮಾನ ಹತ್ತುವವರೆಲ್ಲ ಸುತ್ತು ಬಳಸಿ ಹೋದರು. ಅವರ ಪಟ್ಟಿಗಳ ಗತಿ ಏನಾಯಿತೋ ವಿಚಾರಿಸಲಿಲ್ಲ.

ಇನ್ನು ಲಗೇಜು. ತಮ್ಮದು ಎರಡು ಕಂಪನಿಯ ಎರಡು ಟಿಕೆಟು. ಹಾಗಾಗಿ ಪೆಟ್ಟಿಗೆಗಳು ತಾವಾಗಿ ಬೆಂಗಳೂರಿಗೆ ಹೋಗುವುದಿಲ್ಲ, ನಿಮ್ಮ ಜೊತೆ ಹೊರಗೆ ಬರುತ್ತವೆ. ಎರಡು ಸೂಟ್‌ಕೇಸು ಮತ್ತು ಒಂದು ರಟ್ಟಿನ ಪೆಟ್ಟಿಗೆ. ಆ ರಟ್ಟಿನ ಪೆಟ್ಟಿಗೆ ನನಗೆ ಚೆನ್ನಾಗಿ ಗೊತ್ತು. ನಾಲ್ಕೂ ಬದಿಗೆ ದಪ್ಪ ಮಾರ್ಕರಿನಲ್ಲಿ ಹೆಸರು, ಅಂಟುಟೇಪು ಸುತ್ತಿದ ಮೇಲೂ ನಂಬಿಕೆ ಸಾಲದೆ ನೀಲಿ ಪ್ಲಾಸ್ಟಿಕ್ ಹಗ್ಗ, ಹಗ್ಗ ಕೈ ಕೊಯ್ಯದಂತೆ ಹಿಡಿಕೆಗೆ ಸುತ್ತಿದ ಹಳೇ ಬನಿಯನಿನ ತುಂಡು. ಒಳಗೆ ಹಾಲಿನ ಪುಡಿ, ಟ್ಯಾಂಗ್, ಟೈಗರ್ ಬಾಮ್, ಖರ್ಜೂರ. ಇವೆಲ್ಲ ಈಗ ನಮ್ಮ ಬೀದಿಯ ಅಂಗಡಿಯಲ್ಲೇ ಸಿಗುತ್ತವೆ ಎಂದು ಹೇಳಿದರೆ ನಿಮಗೆ ಬೇಸರವಾಗುತ್ತದೆ. ಇದನ್ನೆಲ್ಲ ಎಲ್ಲಿಡುವುದು? ನನ್ನ ಕಾರಿನ ಡಿಕ್ಕಿಯಲ್ಲಿ. ಅಂದರೆ ತಮ್ಮ ಯೋಜನೆಯಲ್ಲಿ ನಾನು ಡ್ರೈವರ್ ಮಾತ್ರ ಅಲ್ಲ, ಚಲಿಸುವ ಗೋದಾಮು ಸಹ. ಪಣಂಬೂರಿನಲ್ಲಿ ತಾವು ಅಲೆಯಲ್ಲಿ ಪಾದ ನೆನೆಸುತ್ತಿರುವಾಗ ಪಾರ್ಕಿಂಗಿನಲ್ಲಿ ಟೈಗರ್ ಬಾಮ್ ಕಾಯುವವನು ನಾನು.

ನಮ್ಮ ಕಾಲದವರಿಗೆ ಈ ತೀರ್ಮಾನದ ತಲೆಬಿಸಿ ಇರಲಿಲ್ಲ. 2006ರಲ್ಲಿ ಬಜ್ಪೆಗೆ 2,450 ಮೀಟರಿನ ಹೊಸ ರನ್‌ವೇ ಬಂದ ಮೇಲೆ ತಾನೇ ಇಲ್ಲಿಂದ ಗಲ್ಫಿಗೆ ನೇರ ವಿಮಾನ ಹೊರಟದ್ದು. ಅದಕ್ಕೆ ಮುಂಚೆ ಮುಂಬಯಿಯಲ್ಲಿ ಇಳಿದು ಅಲ್ಲಿಂದ ಬಸ್ಸೋ ರೈಲೋ ಹಿಡಿಯುತ್ತಿದ್ದರು. ಕಾಯುವ ಹೊತ್ತು ಹೇಗೆ ಕಳೆಯಬೇಕೆಂದು ಯಾರೂ ಚರ್ಚಿಸುತ್ತಿರಲಿಲ್ಲ. ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಕೊಳ್ಳುತ್ತಿದ್ದರು. ಪೆಟ್ಟಿಗೆ ಬಿಟ್ಟು ಎದ್ದರೆ ಪೆಟ್ಟಿಗೆ ಇರುವುದಿಲ್ಲ ಎಂಬ ಒಂದೇ ವಿಷಯ ಗೊತ್ತಿದ್ದರೆ ಸಾಕಾಗುತ್ತಿತ್ತು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದಾಗ ಈ ನಿಲ್ದಾಣ ಆರಂಭವಾಯಿತು. ಅವರ ಜೇಬಿನಲ್ಲಿ ಹದಿನಾಲ್ಕು ಸ್ಥಳಗಳ ಪಟ್ಟಿ ಇತ್ತೆಂದು ನಾನಂತೂ ಕೇಳಿಲ್ಲ.

‘ಹಾಗಾದರೆ ನಿಲ್ದಾಣದಲ್ಲೇ ಕೂರುತ್ತೇನೆ’ ಎಂದು ಹೆದರಿಸಬೇಡಿ. ಕೂರಬಹುದು. ಟರ್ಮಿನಲ್ 2010ರಿಂದ ಗುಡ್ಡದ ಕೆಂಜಾರು ಬದಿಗೆ ಬಂದಿದೆ, ಜನ ಮಾತ್ರ ಇನ್ನೂ ಬಜ್ಪೆ ಎನ್ನುತ್ತಾರೆ. ಬಾಗಿಲಲ್ಲಿ ಸಿಐಎಸ್‌ಎಫ್‌ನವರು ಟಿಕೆಟು ನೋಡಿ, ಗಡಿಯಾರ ನೋಡಿ, ನಿಮ್ಮ ಮುಖ ನೋಡುತ್ತಾರೆ. ಸಂಜೆಯ ವಿಮಾನಕ್ಕೆ ಬೆಳಗ್ಗೆಯೇ ಒಳಗೆ ಹೋಗುತ್ತೇನೆ ಎನ್ನುವವನ ಮೇಲೆ ಯಾರಿಗಾದರೂ ಸಂಶಯ ಬರುತ್ತದೆ. ನಡೆದು ಹೋಗೋಣವೆಂದರೆ ಸುತ್ತ ಗುಡ್ಡ, ಇಳಿಜಾರು. ಚಹಾದ ದರ ನೋಡಿದರೆ ಉಳಿಸಿದ ಟಿಕೆಟು ದುಡ್ಡು ಸಂಜೆಯೊಳಗೆ ಸರಿ ಹೋಗುತ್ತದೆ.

ಮಳೆಗಾಲವಾದರೆ ಇನ್ನೊಂದು ಮಾತು. ಮೋಡ ರನ್‌ವೇ ಮೇಲೆ ಬಂದು ಕೂತರೆ ಪೈಲಟ್ ಎರಡು ಸುತ್ತು ಹಾಕಿ, ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ಹೋಗಿಬಿಡುತ್ತಾರೆ. ಆಗ ತಮಗೆ ಮಂಗಳೂರಿನಲ್ಲಿ ಕಳೆಯಲು ಸಿಗುವ ಹೊತ್ತು ಸೊನ್ನೆ. ಬೆಂಗಳೂರಿಗೇ ಒಯ್ದರೆ ಹೋಗಬೇಕಾದ ಕಡೆಗೇ ಹೋದ ಹಾಗಾಯಿತು, ಟಿಕೆಟಿನ ಪ್ರಕಾರ ಮಾತ್ರ ತಾವು ಇನ್ನೂ ಮಂಗಳೂರಿಗೆ ಬಂದಿಲ್ಲ. ಬೇರೆ ಊರಿನವರು ಇದಕ್ಕೆ ಪೈಲಟನ್ನು ಬೈಯುತ್ತಾರೆ, ಇಲ್ಲಿಯವರು ಬೈಯುವುದಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದಲೇ ಬಂದ ವಿಮಾನ ಈ ಗುಡ್ಡದ ತುದಿ ದಾಟಿ ಕೆಳಗೆ ಬಿತ್ತು. 158 ಜನ ಹೋದರು, ಎಂಟು ಜನ ಉಳಿದರು. ಕೂಳೂರಿನ ಹತ್ತಿರ, ತಣ್ಣೀರುಬಾವಿಗೆ ಹೋಗುವ ದಾರಿಯಲ್ಲಿ, ಅವರ ಸ್ಮಾರಕ ಉಂಟು. ತಾವು ‘ಬೀಚ್: 20 ನಿಮಿಷ’ ಎಂದು ಬರೆದಿರುವುದು ಅದೇ ದಾರಿಯಲ್ಲಿ. ತಡವಾಗಿ ಬಂದ ವಿಮಾನದ ಬಗ್ಗೆ ನನ್ನ ಹತ್ತಿರ ದೂರು ಹೇಳಬೇಡಿ.

ಈಗ ಪಟ್ಟಿಗೆ ಬರೋಣ.

ಕಟೀಲು ‘ಏರ್‌ಪೋರ್ಟಿಗೆ ಹತ್ತಿರ’ ಎಂದು ಮೊದಲನೆಯ ಸಾಲಿನಲ್ಲೇ ಇದೆ. ಹತ್ತಿರವೇ, ಆದರೆ ಪೇಟೆಯ ವಿರುದ್ಧ ದಿಕ್ಕಿಗೆ. ನಂದಿನಿ ಹೊಳೆಯ ನಡುವಿನ ಆ ದೇವಸ್ಥಾನಕ್ಕೆ ಹೋಗಿ, ಕೈಮುಗಿದು, ಅಲ್ಲೇ ಪ್ರಸಾದದ ಊಟ ಮಾಡಿ ಸೀದಾ ನಿಲ್ದಾಣಕ್ಕೆ ವಾಪಸಾದರೆ ಅದು ಬುದ್ಧಿವಂತರ ಕೆಲಸ. ಹಾಗೆ ಮಾಡಿದರೆ ನನಗೂ ಪೆಟ್ರೋಲು ಉಳಿಯುತ್ತದೆ. ಆದರೆ ತಾವು ಅದಾದ ಮೇಲೆ ಪಿಲಿಕುಳದ ಹುಲಿ, ಕುದ್ರೋಳಿ, ಮಂಗಳಾದೇವಿ, ಸೋಮೇಶ್ವರ ಎಲ್ಲವನ್ನೂ ಹಾಕಿದ್ದೀರಿ. ಮಧ್ಯಾಹ್ನ ದೇವಸ್ಥಾನಗಳ ಬಾಗಿಲು ಮುಚ್ಚುತ್ತದೆ ಎಂಬುದು ಮೊಬೈಲಿಗೆ ಗೊತ್ತಿಲ್ಲದಿದ್ದರೂ ದೇವರಿಗೆ ಗೊತ್ತು.

ಕದ್ರಿಗೆ ಎಂಟು ನಿಮಿಷ ಕೊಟ್ಟಿದ್ದೀರಿ. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ಅಳುಪ ರಾಜ ಕುಂದವರ್ಮ ಮಾಡಿಸಿದ್ದು ಕ್ರಿ.ಶ. 968ರಲ್ಲಿ, ಪೀಠದ ಶಾಸನದಲ್ಲೇ ಉಂಟು. ಮೂರು ಮುಖ, ಆರು ಕೈ. ಸಾವಿರ ವರ್ಷ ದಾಟಿದ ವಿಗ್ರಹಕ್ಕೆ ಎಂಟು ನಿಮಿಷವೆಂದರೆ ಮುಖಕ್ಕೆ ಮೂರು ನಿಮಿಷವೂ ಬೀಳುವುದಿಲ್ಲ. ಸಂತ ಅಲೋಶಿಯಸ್ ಚಾಪೆಲಿಗೆ ಹನ್ನೆರಡು, ‘ಸೆಲ್ಫಿ ಸೇರಿ’. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇಟಲಿಯಿಂದ ಬಂದ ಅಂತೋನಿಯೊ ಮೊಶೇನಿ ಎಂಬ ಜೆಸ್ವಿಟ್ ಬ್ರದರ್ ಅದರ ಗೋಡೆ, ಮಾಡು ಯಾವುದನ್ನೂ ಬಿಡದೆ ಚಿತ್ರ ಬರೆದರು. ಗೋಡೆಯ ಕೆಲಸವೆಂದರೆ ಹಸಿ ಗಾರೆಯ ಮೇಲೆ, ಅದು ಒಣಗುವುದರೊಳಗೆ ಬಣ್ಣ ಹಾಕುವುದು. ನಮ್ಮೂರಿನ ಸೆಕೆ, ತೇವ ಎಲ್ಲ ತಡೆದುಕೊಂಡು ಆತ ಮಾಡಿದ್ದನ್ನು ತಾವು ಫೋನು ಮೇಲೆತ್ತಿ, ಒಂದು ಸುತ್ತು ತಿರುಗಿ, ಮುಗಿಸುತ್ತೀರಿ. ನನ್ನ ಮಾತು ಕೇಳುವುದಾದರೆ ಆ ಒಂದು ಕಟ್ಟಡಕ್ಕೆ ಒಂದು ಗಂಟೆ ಕೊಡಿ. ಬೆಂಚಿಗೆ ಒರಗಿ ತಲೆಯೆತ್ತಿ ಅಲೋಶಿಯಸ್ ಗೊನ್ಜಾಗನ ಜೀವನಚರಿತ್ರೆಯನ್ನು ಒಂದೊಂದೇ ಚೌಕಟ್ಟಿನಲ್ಲಿ ನೋಡುತ್ತಾ ಹೋಗಿ. ಕತ್ತು ನೋಯುತ್ತದೆ. ಟೈಗರ್ ಬಾಮ್ ಹೇಗೂ ಡಿಕ್ಕಿಯಲ್ಲಿದೆ.

ಅದು ಬೇಡವಾದರೆ ಬೋಳೂರಿನ ಸುಲ್ತಾನ್ ಬತ್ತೇರಿ. ಶತ್ರುವಿನ ಹಡಗು ಹೊಳೆಯೊಳಗೆ ನುಗ್ಗುತ್ತದೋ ಎಂದು ಕಾಯುವುದಕ್ಕಾಗಿಯೇ 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಕಾಯುವುದೇ ಕೆಲಸವಾಗಿರುವ ತಮಗೆ ಹೇಳಿ ಮಾಡಿಸಿದ ಜಾಗ. ಪಕ್ಕದಲ್ಲೇ ದೋಣಿ ಹತ್ತಿ ತಣ್ಣೀರುಬಾವಿಯ ಬದಿಗೆ ದಾಟಬಹುದು. ಕಾರು ಈ ಬದಿಯಲ್ಲೇ ಉಳಿಯುತ್ತದೆ, ನಾನು ಸೀಟು ಹಿಂದಕ್ಕೆ ಮಾಡಿ ಮಲಗುತ್ತೇನೆ.

ಮಾಲ್ ಅಂತ ಒಂದು ಸಾಲು ನೋಡಿದೆ. ದುಬೈಯಿಂದ ಬಂದವರು ಮಂಗಳೂರಿನ ಮಾಲ್ ನೋಡುವುದು ಎಂತಕ್ಕೆ ಮಾರಾಯ್ರೆ? ‘ಎಸಿ’ ಎಂದು ಆವರಣದಲ್ಲಿ ಕಾರಣ ಕೊಟ್ಟಿದ್ದೀರಿ. ಎಸಿ ಕಾರಿನಲ್ಲೂ ಉಂಟು.

ಸಮಯದ ಬಗ್ಗೆ ಈ ಊರಿನ ಅಭಿಪ್ರಾಯ ಏನೆಂದು ತಮಗೆ ತಿಳಿಯಬೇಕಾದರೆ ಹಂಪನಕಟ್ಟೆಗೆ ಬನ್ನಿ. ಅಲ್ಲಿದ್ದ ಗಡಿಯಾರದ ಗೋಪುರವನ್ನು ಕೆಡವಿದರು. ಎಷ್ಟೋ ವರ್ಷ ಕಳೆದ ಮೇಲೆ ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಹೊಸದಾಗಿ ಕಟ್ಟಿದರು. ಪಂಪ್‌ವೆಲ್‌ನ ಫ್ಲೈಓವರ್ ಮುಗಿಯುವಾಗ ಸುಮಾರು ಹತ್ತು ವರ್ಷವಾಯಿತು. ಈಗ ಮುಗಿಯುತ್ತದೆ, ಆಗ ಮುಗಿಯುತ್ತದೆ ಎಂದು ದಿನಾಂಕಗಳು ಬಂದು ಹೋಗಿ, ಅದರ ಮೇಲೆ ಹುಟ್ಟಿದ ಜೋಕುಗಳೇ ಹಳತಾಗಿ, ಕಡೆಗೆ 2020ರ ಜನವರಿ 31ರಂದು ತೆರೆಯಿತು. ಮಳೆ ಬಂದಾಗ ಅಡಿಯಲ್ಲಿ ನೀರು ನಿಂತಿತು. ಹೀಗೆ ಹತ್ತು ವರ್ಷ ತಾಳ್ಮೆಯಿಂದ ಕಾದ ಜನರ ಮುಂದೆ ‘ಎಂಟು ಗಂಟೆ ಹೇಗೆ ಕಳೆಯಲಿ’ ಎಂದು ಕೇಳುತ್ತೀರಿ.

ಇನ್ನು ಮುಖ್ಯ ವಿಷಯ, ಊಟ. ಹದಿನೈದು ನಿಮಿಷದಲ್ಲಿ ಮೀನಿನ ಊಟ ಮುಗಿಸಬಹುದೆಂದು ಯಾರು ಹೇಳಿದರು? ಹನ್ನೆರಡೂವರೆಗೆ ಯಾವ ಒಳ್ಳೆಯ ಮೀನಿನ ಹೋಟೆಲಿಗೆ ಹೋದರೂ ಉಣ್ಣುವವನ ಕುರ್ಚಿಯ ಹಿಂದೆ ಇನ್ನೊಬ್ಬ ನಿಂತಿರುತ್ತಾನೆ. ಅವನು ಕೈ ನೆಕ್ಕುವುದನ್ನು ಇವನು ಎಣಿಸುತ್ತಿರುತ್ತಾನೆ. ಕುರ್ಚಿ ಸಿಕ್ಕ ಮೇಲೆ ಸ್ಟೀಲಿನ ಬಟ್ಟಲಲ್ಲಿ ಕುಚ್ಚಲಕ್ಕಿ ಅನ್ನ, ಅದರ ಮೇಲೆ ಕೆಂಪು ಸಾರು. ಆಮೇಲೆ ಸಪ್ಲಾಯರ್ ಮಸಾಲೆ ಮೆತ್ತಿದ ಹಸಿ ಮೀನು ತುಂಬಿದ ತಟ್ಟೆಯನ್ನು ಮೂಗಿನ ಬುಡಕ್ಕೆ ಹಿಡಿದು, ‘ಅಂಜಲ್ ಉಂಟು, ಕಾಣೆ ಉಂಟು, ಬಂಗುಡೆ ಉಂಟು. ತವಾ ಮಾಡುದಾ, ರವಾ ಮಾಡುದಾ?’ ಎನ್ನುತ್ತಾನೆ. ಇಡೀ ದಿನದಲ್ಲಿ ತಾವು ತೀರ್ಮಾನ ಮಾಡಬೇಕಾದ ನಿಜವಾದ ಪ್ರಶ್ನೆ ಇದೊಂದೇ. ಉತ್ತರ ಕೊಟ್ಟ ಮೇಲೆ ಕಾಯಬೇಕು. ಕಾಯಿಸದೆ ಬಂದ ಮೀನು ಬೆಳಗ್ಗೆ ಕಾಯಿಸಿಟ್ಟದ್ದು. ಊಟದ ಮೇಲೆ ಒಂದು ಗಡ್‌ಬಡ್, ಅದನ್ನು ಉದ್ದ ಗ್ಲಾಸಿನ ತಳ ಕಾಣುವವರೆಗೆ ಚಮಚ ಹಾಕಿ ತಿನ್ನುವುದು. ಮೂರು ಗಂಟೆಯಲ್ಲಿ ಇದಕ್ಕೇ ಒಂದೂವರೆ.

ಆದರೆ ಹೋಟೆಲಿನ ಮಾತು ತಮ್ಮ ಅತ್ತೆಯ ಕಿವಿಗೆ ಬೀಳದಿರಲಿ. ‘ಊರಿಗೆ ಬಂದು ಮನೆಗೆ ಬಾರದೆ ಹೋಗುದಾ?’ ಎಂಬ ಪ್ರಶ್ನೆ ಎರಡು ದಿನದಿಂದ ಅಡುಗೆಮನೆಯಲ್ಲಿ ಓಡಾಡುತ್ತಿದೆ. ಮನೆಗೆ ಬಂದರೆ ಬಿಜೈ ದೊಡ್ಡಮ್ಮನಿಗೆ ಗೊತ್ತಾಗುತ್ತದೆ. ಅಲ್ಲಿಗೆ ಹೋದರೆ ಕುಲಶೇಖರದ ಭಾವನ ಮನೆಗೆ ಹೋಗದಿರುವಂತಿಲ್ಲ. ಇವರ ಪಟ್ಟಿಯೂ ನಿಮಿಷ ಸಮೇತ ತಯಾರಾಗಿದೆ, ಬರೆದಿಟ್ಟಿಲ್ಲ ಅಷ್ಟೆ. ಮುಂದಿನ ಸಲ ವಿಮಾನ ಬಿಟ್ಟು ರಾತ್ರಿ ರೈಲಿಗೆ ಹೋಗುತ್ತೇನೆಂದು ತಪ್ಪಿಸಿಕೊಳ್ಳಬೇಡಿ. ಸೆಂಟ್ರಲ್ಲೋ ಜಂಕ್ಷನ್ನೋ ಎಂದು ನೋಡದೆ ಹೊರಟರೆ ತಪ್ಪು ಸ್ಟೇಷನ್ನಿನಲ್ಲಿ ನಿಂತಿರುತ್ತೀರಿ. ಒಂದೇ ಊರಿನ ಹಳಿ ಪಾಲಕ್ಕಾಡಿಗೆ, ಮೈಸೂರಿಗೆ, ಕೊಂಕಣ ರೈಲ್ವೆಗೆ ಪಾಲಾಗಿದೆ.

ನನ್ನ ಷರತ್ತು ಇಷ್ಟೆ. ಒಂದು ಸ್ಥಳ, ಒಂದು ಊಟ. ಸ್ಥಳ ಯಾವುದೆಂದು ತಾವು ಹೇಳಿ, ಊಟ ಎಲ್ಲಿ ಎಂದು ಅತ್ತೆ ಹೇಳುತ್ತಾಳೆ. ಎರಡನೆಯ ಸ್ಥಳದ ಹೆಸರು ಎತ್ತಿದರೆ ನಿಮ್ಮನ್ನೂ ರಟ್ಟಿನ ಪೆಟ್ಟಿಗೆಯನ್ನೂ ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿಗೆ ಹತ್ತಿಸುತ್ತೇನೆ. ಕಂಡಕ್ಟರ್ ‘ದುಂಬು ಪೋಲೆ, ದುಂಬು ಪೋಲೆ’ ಎಂದು ಪೆಟ್ಟಿಗೆ ಸಮೇತ ಮುಂದಕ್ಕೆ ತಳ್ಳುತ್ತಾನೆ; ಊರು ನೋಡಲು ಅದಕ್ಕಿಂತ ಅಗ್ಗದ ದಾರಿ ಬೇರೆ ಇಲ್ಲ.

ಇತಿ,
ಸಂಬಂಧದಲ್ಲಿ ಮಾವ, ತಮ್ಮ ಪಟ್ಟಿಯ ಪ್ರಕಾರ ಕಾರು

ತಾ.ಕ.: ತಮ್ಮ ಟಿಕೆಟು ಜೂನ್ ಎರಡನೆಯ ವಾರದ್ದು ಎಂದು ಅತ್ತೆ ಈಗಷ್ಟೇ ಹೇಳಿದಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಅಂಜಲ್ ಸಿಕ್ಕರೂ ಐಸಿನದ್ದೇ. ಅದರ ಬದಲು ಪತ್ರೊಡೆ ಮಾಡುತ್ತಾಳಂತೆ. ಕೆಸುವಿನ ಎಲೆ ಹಿತ್ತಿಲಲ್ಲಿ ಬೇಕಾದಷ್ಟಿದೆ, ಆದರೆ ಅರೆದು, ಮೆತ್ತಿ, ಸುತ್ತಿ, ಬೇಯಿಸುವಾಗ ಹೊತ್ತಾಗುತ್ತದೆ. ಸಂಜೆಯ ವಿಮಾನವನ್ನು ರಾತ್ರಿಗೆ ಹಾಕಿಸಿಕೊಳ್ಳಲು ಆಗುತ್ತದೋ ಕೇಳಿ ನೋಡಿ ಅಂದಳು.