ಮೂರು ಅಂಕದ ಕಮಲ

ಎದುರುಮನೆಯ ಹುಡುಗಿ ಹತ್ತನೆಯ ಇಯತ್ತೆ. ವ್ಯಾಕರಣದ ಪುಸ್ತಕ ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದು ಕೂತಳು.

"ಕಾಕಾ, ಉಪಮೇಯ ಸೀತೆ ಮುಖ, ಉಪಮಾನ ಕಮಲ, ಉಪಮಾವಾಚಕ ಅಂತೆ, ಸಮಾನಧರ್ಮ ಅರಳೂದು. ಹೌದಿಲ್ಲೋ?"

ಎಲ್ಲ ಒಂದೇ ಉಸಿರಿಗೆ, ಸಾಲದ ಕಂತು ಕಟ್ಟಿ ಮುಗಿಸಿದವರ ಹಾಗೆ.

"ಹೌದವಾ. ಕಮಲ ನೋಡೀಯೇನು?"

"ನೋಡೀನಿ. ಇಲೆಕ್ಷನ್‌ದಾಗ, ಗ್ವಾಡಿ ಮ್ಯಾಲ."

ಅಥಣಿ ಕಬ್ಬಿನ ಸೀಮೆ. ಇಲ್ಲಿ ಕಮಲ ಅರಳುವುದು ಸುಣ್ಣದ ಗೋಡೆಯ ಮೇಲೆ, ಅದೂ ಆಯೋಗ ದಿನಾಂಕ ಹೇಳಿದ ಮೇಲೆ. 2023ರಲ್ಲಿ ಊರಿನ ದೊಡ್ಡ ಮುಖ ಲಕ್ಷ್ಮಣ ಸವದಿಯವರೇ ಕಮಲ ಬಿಟ್ಟು ಕೈ ಹಿಡಿದು ಗೆದ್ದರು. ಮುಖಕ್ಕೂ ಕಮಲಕ್ಕೂ ಸಂಬಂಧ ಹರಿದ ಸುದ್ದಿ ವ್ಯಾಕರಣದವರಿಗೆ ಇನ್ನೂ ತಲುಪಿಲ್ಲ.

ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲಿ ಅಲಂಕಾರಕ್ಕೆ ಮೂರು ಅಂಕ. ಹೆಸರು ಹೇಳಬೇಕು, ಲಕ್ಷಣ ಬರೆಯಬೇಕು, ಸಮನ್ವಯ ಮಾಡಬೇಕು. ಸ್ವಂತದ ಒಂದು ಹೋಲಿಕೆ ಕಟ್ಟು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕಟ್ಟಿದವನಿಗೆ ಅಂಕವಿಲ್ಲ, ಕೊಯ್ದವನಿಗಿದೆ. 'ಉಪಮಾಲೋಲ' ಎಂಬ ಬಿರುದು ಹೊತ್ತ ಲಕ್ಷ್ಮೀಶನೇ ಬಂದು ಪರೀಕ್ಷೆಗೆ ಕೂತರೂ, ಸಮನ್ವಯ ಬರೆಯದೆ ಎದ್ದರೆ ಅವನ ಅಂಕಕ್ಕೂ ಕತ್ತರಿಯೇ.

ಮುಂದಿನ ಉದಾಹರಣೆಯಲ್ಲಿ ಭೀಮ ದುರ್ಯೋಧನರು ಮದವೇರಿದ ಆನೆಗಳು. ಪುಸ್ತಕ ಮುಚ್ಚಿ, ನಿನ್ನ ಮಾತಿನಾಗ ಹೇಳು ಅಂದೆ. ಹುಡುಗಿ ಕಾರ್ಖಾನೆ ರಸ್ತೆಯ ಕಡೆ ನೋಡಿದಳು.

"ಕಬ್ಬಿನ ಎರಡು ಟ್ರ್ಯಾಕ್ಟರ್ ಎದುರಾಬದುರಾ ನಿಂತ್ವಲ್ಲ, ಅವುಗಳ ಗತೆ."

"ಸಮಾನಧರ್ಮ?"

"ಡಬಲ್ ಟ್ರೇಲರ್ ಕಾಕಾ. ಎರಡೂ ಹಿಂದ ಸರಿಯಾಂಗಿಲ್ಲ."

ಒಂದು ಗಳಿಗೆ ನನಗೆ ಮಾತೇ ಹೊರಡಲಿಲ್ಲ. ಆ ಇಬ್ಬರ ಹಟವನ್ನು ಇಷ್ಟು ಚಂದವಾಗಿ ಹಿಡಿದದ್ದನ್ನು ನಾನಂತೂ ಕೇಳಿಲ್ಲ. ಆದರೆ ಇದನ್ನು ಬರೆದರೆ ಸೊನ್ನೆ. ಟ್ರ್ಯಾಕ್ಟರ್ ಪುರಾಣದಲ್ಲಿಲ್ಲ, 'ಗತೆ' ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ 'ಅಂತೆ' ಇದೆ, 'ಹಾಗೆ' ಇದೆ, ಇಂದು ಯಾವ ಮನೆಯಲ್ಲೂ ಯಾರೂ ಆಡದ 'ವೋಲ್' ಇದೆ. ಬೆಳಗಾದರೆ ನಾವಾಡುವ 'ಹಂಗ', 'ಗತೆ', 'ಥೇಟ್' ಎಲ್ಲ ಬಾಗಿಲ ಹೊರಗೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಗುರುತಿಸುವಾಗ ಒಕ್ಕುಂದದ ಹೆಸರು ಹೇಳಿತು. ಒಕ್ಕುಂದ ನಮ್ಮ ಜಿಲ್ಲೆಯದೇ, ಬೈಲಹೊಂಗಲ ತಾಲ್ಲೂಕು. ಅಂದು ತಿರುಳಾಗಿದ್ದ ಸೀಮೆಯ ಮಾತಿಗೆ ಇಂದು ಕೆಂಪು ಶಾಯಿಯ ಗೆರೆ.

ಹೋಲಿಕೆಯ ಪಾಠ ನಿಜವಾಗಿ ಕಲಿಸಬೇಕೆಂದರೆ ಅಥಣಿಗಿಂತ ಒಳ್ಳೆಯ ಶಾಲೆ ಇಲ್ಲ. ನಮ್ಮ ಸಮಗಾರರು ಹದ ಮಾಡಿದ ತೊಗಲಲ್ಲಿ ಕೈಯಾರೆ ಹೊಲಿದ ಚಪ್ಪಲಿ ಪೇಟೆಗೆ ಹೋಗುವುದು ಕೊಲ್ಹಾಪುರಿ ಎಂಬ ಹೆಸರಿನಲ್ಲಿ. ಉಪಮೇಯ ಅಥಣಿ, ಉಪಮಾನ ಕೊಲ್ಹಾಪುರ. ಸಮಾನಧರ್ಮ, ನಡೆದರೆ ಕಿರ್ ಎನ್ನುವುದು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಕಾಗದದಲ್ಲಿ ನಾವೂ ಇದ್ದೇವೆ, ಹೆಸರಿನಲ್ಲಿ ಉಪಮಾನ ಒಂದೇ ಇದೆ. ಅಂಗವೊಂದು ಬಿಟ್ಟುಹೋದರೆ ಲುಪ್ತೋಪಮೆ ಎನ್ನುತ್ತದೆ ವ್ಯಾಕರಣ. ಇಲ್ಲಿ ಲುಪ್ತವಾದದ್ದು ಊರು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಿಲಾನ್ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿ ಮೆಟ್ಟಿಸಿ ಹುಡುಗರನ್ನು ನಡೆಸಿತು, ಚರ್ಮದ ಚಪ್ಪಲಿ ಎಂದಿತು, ಮುಗಿಯಿತು. ಗದ್ದಲ ಎದ್ದ ಮೇಲಷ್ಟೇ ಭಾರತದ ಕುಶಲಕರ್ಮಿಗಳ ಕೆಲಸದಿಂದ ಸ್ಫೂರ್ತಿ ಪಡೆದದ್ದು ಎಂದು ಒಪ್ಪಿತು. ಕತೆ ಕೇಳಿ ಹುಡುಗಿ ಬೆರಳು ಮಡಚಿದಳು.

"ಉಪಮೇಯ ಇಲ್ಲ, ಉಪಮಾನ ಇಲ್ಲ, ವಾಚಕ ಇಲ್ಲ. ಇವರಿಗೆ ಎಷ್ಟು ಅಂಕ ಕಾಕಾ?"

ಅಂಕದ ಮಾತು ಬಂದದ್ದರಿಂದ ಒಂದು ವಿನಂತಿ. ಮೌಲ್ಯಮಾಪಕ ಗುರುಗಳೇ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಯಾವುದಾದರೂ ಪತ್ರಿಕೆಯಲ್ಲಿ ಟ್ರ್ಯಾಕ್ಟರ್, 'ಗತೆ' ಕಂಡರೆ ಅರ್ಧ ಅಂಕವಾದರೂ ಹಾಕಿ. ನಮ್ಮ ಓಣಿಯ ಹುಡುಗಿಗಾಗಿ ಕೇಳುತ್ತಿಲ್ಲ. ಅವಳು ಕಮಲವನ್ನೇ ಬರೆಯುತ್ತಾಳಂತೆ.